ಹಚ್ಚೆ ಮಾಯುವ ತನಕ ಬರಿ ಹಣೆ

ಜೀಪಿನಿಂದ ಇಳಿದ ಸೊಸೆ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದಳು. ಕಣದಲ್ಲಿ ಕಾಲಿನಿಂದಲೇ ಸಾಲು ಎಳೆಯುತ್ತ ಕಾಫಿ ಮಗುಚುತ್ತಿದ್ದ ಕೆಂಚಮ್ಮ, ಚಳಿಗೆ ಹಾಗೆ ಹೊದ್ದುಕೊಂಡಿದ್ದಾಳೆ ಅಂದುಕೊಂಡಳು. ಮಗ್ಗೆಯಿಂದ ಸಕಲೇಶಪುರ ಹಾದು ವನಗೂರಿನ ಏರು ಹತ್ತಿ ಜೀಪಿನಲ್ಲಿ ಬಂದವರು ಯಾರಾದರೂ ಮುದುಡಿಕೊಂಡೇ ಇಳಿಯುತ್ತಾರೆ. ಆದರೆ ಪಂಕಜಾಕ್ಷಿ ಅತ್ತೆಯ ಮುಖವನ್ನೂ ನೋಡದೆ, ತವರಿಂದ ತಂದ ಹಪ್ಪಳದ ಡಬ್ಬವನ್ನು ಜಗುಲಿಯ ಮೇಲಿಟ್ಟು, ನೇರ ಹಿತ್ತಿಲಿಗೆ ಹೋಗಿಬಿಟ್ಟಳು.

"ಏನ್ಲಾ ಅದು, ತವರಲ್ಲಿ ಯಾರಾನ ಏನಾರ ಅಂದ್ರಾ?" ಎಂದು ಕೆಂಚಮ್ಮ ಮಗನನ್ನು ಕೇಳಿದಳು.

ರಾಜಶೇಖರ ಬಾನೆಟ್ ಎತ್ತಿ ಅದರೊಳಗೆ ತಲೆ ಇಟ್ಟುಕೊಂಡೇ ಹೇಳಿದ. "ನನ್ನ ಕೇಳ್ಬ್ಯಾಡ ಕಣವ್ವ. ನಾನು ಕರಕಂಡ್ ಬರಾಕೆ ಹೋಗಾ ಹೊತ್ಗೆ ಎಲ್ಲಾ ಮುಗಿದೋಗಿತ್ತು. ನೀನೇ ನೋಡ್ಕ ಹೋಗು."

ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಪಂಕಜಾಕ್ಷಿ ಕೂತಿದ್ದಳು. ಅತ್ತೆ ಬಂದದ್ದು ಕಂಡು ಎದ್ದು ನಿಂತು, ಇನ್ನು ಮುಚ್ಚಿ ಏನು ಪ್ರಯೋಜನ ಎಂಬಂತೆ ಸೆರಗು ಸರಿಸಿದಳು. ಎರಡು ಹುಬ್ಬಿನ ನಡುವೆ, ಕುಂಕುಮ ಇಡುವ ಜಾಗದಲ್ಲೇ, ತೊಗರಿ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ಬೊಟ್ಟು. ಸುತ್ತಲಿನ ಚರ್ಮ ಕೆಂಪಗೆ ಉಬ್ಬಿತ್ತು. ಅಂಚಿನಲ್ಲಿ ಸೂಜಿ ತೂರಿದ ಕಡೆಯೆಲ್ಲ ರಕ್ತ ಚುಕ್ಕೆ ಚುಕ್ಕೆಯಾಗಿ ಒಣಗಿತ್ತು.

ಕೆಂಚಮ್ಮ ಬಾವಿಕಟ್ಟೆ ಹಿಡಿದುಕೊಂಡಳು.

"ಏನೇ ಇದು" ಎಂದಳು.

"ಹಚ್ಚೆ ಅತ್ತೆ."

"ಹಚ್ಚೆ ಅಂತ ನಂಗೂ ಕಾಣ್ತೈತೆ. ಕೈ ಮ್ಯಾಲೆ ಹಾಕಿಸ್ಕಂಡಿದ್ರೆ ನಾನ್ಯಾಕೆ ಕೇಳ್ತಿದ್ದೆ. ಹಣೆ ಮ್ಯಾಲೆ ಯಾವಳು ಹಾಕಿಸ್ಕತಾಳೆ ಈ ಕಾಲದಲ್ಲಿ."

"ಮಗ್ಗೆ ಸಂತೇಲಿ ಒಬ್ಬ ಬ್ಯಾಟ್ರಿ ಮಿಷಿನ್ ಇಟ್ಕಂಡು ಕೂತಿದ್ದ. ಇರುವೆ ಕಚ್ಚಿದಂಗೆ ಅಷ್ಟೆಯ ಅಂದ." ಪಂಕಜಾಕ್ಷಿ ಮೂಗೊರೆಸಿಕೊಂಡಳು. "ಕಣಜ ಕಚ್ಚಿದಂಗಿತ್ತು. ಅದೂ ಒಂದು ಗೂಡು ಕಣಜ."

ಬೇರೆ ದಿನವಾಗಿದ್ದರೆ ಕೆಂಚಮ್ಮ ನಗುತ್ತಿದ್ದಳು. ಈ ಸೊಸೆಯ ಮಾತಿಗೆ ನಗದೆ ಇರುವುದು ಕಷ್ಟ. ಈವತ್ತು ಅವಳ ತುಟಿ ಅಲುಗಲಿಲ್ಲ.

"ಅದನ್ನ ಅಳಿಸಾಕಾಗಲ್ಲ ಕಣೆ. ಗೊತ್ತೈತಾ ನಿಂಗೆ?"

"ಗೊತ್ತಿದ್ದೇ ಹಾಕಿಸ್ಕಂಡೆ ಅತ್ತೆ."

ಕೆಂಚಮ್ಮ ಕಣಕ್ಕೆ ಬಂದು, ಆಗಲೇ ಮಗುಚಿದ್ದ ಕಾಫಿಯನ್ನೇ ಮತ್ತೆ ಮಗುಚತೊಡಗಿದಳು.

ಅವಳ ಹಣೆಯಲ್ಲೂ ಅಂಥದ್ದೇ ಒಂದು ಇತ್ತು. ಬೆಳಿಗ್ಗೆ ಮುಖ ತೊಳೆದ ಕೂಡಲೆ ದಪ್ಪಗೆ ಎಳೆದುಕೊಳ್ಳುವ ವಿಭೂತಿಯ ಅಡಿಯಲ್ಲಿ. ಊರಿನಲ್ಲಿ ಅದನ್ನು ಕಂಡಿದ್ದವರೆಲ್ಲ ಹೆಚ್ಚುಕಡಿಮೆ ಸತ್ತುಹೋಗಿದ್ದರು.

ಆಗ ಅವಳಿನ್ನೂ ಲಂಗ ಉಡುತ್ತಿದ್ದ ಹುಡುಗಿ. ಆಲೂರು ಕಡೆಯ ಅವಳ ತವರಿಗೆ ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವ ಹೆಂಗಸರು ಬರುತ್ತಿದ್ದರು. ದೀಪದ ಕಾಡಿಗೆಗೆ ಯಾವುದೋ ಸೊಪ್ಪಿನ ರಸ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳನ್ನು ಅದರಲ್ಲಿ ಅದ್ದಿ, ಬಾಯಲ್ಲಿ ಹಾಡು ಹೇಳುತ್ತ ಚುಚ್ಚುತ್ತಿದ್ದರು. ಹಾಡು ನೋವು ಮರೆಸಲಿಕ್ಕಂತೆ. ಕೆಂಚಮ್ಮನಿಗೆ ಹಾಡೊಂದೂ ಕಿವಿಗೆ ಬೀಳಲಿಲ್ಲ, ತನ್ನ ಕಿರುಚಾಟವೇ ಕೇಳಿತ್ತು. ಅಜ್ಜಿ ಅವಳ ತಲೆಯನ್ನು ತೊಡೆಗೆ ಅದುಮಿಕೊಂಡು, "ಒಡವೇನ ಕಳ್ಳ ಹೊತ್ಕಂಡ್ ಹೋಯ್ತನೆ, ಸೀರೆ ಹರಿದೋಯ್ತದೆ, ಸತ್ತಾಗ ಜೊತೇಲಿ ಬರಾದು ಇದೊಂದೇಯ. ಸುಮ್ಕಿರು" ಅನ್ನುತ್ತಿದ್ದಳು. ಆಮೇಲೆ ಗಾಯ ಮಾಯುವ ತನಕ ಹರಳೆಣ್ಣೆಯಲ್ಲಿ ಕಲಸಿದ ಅರಿಸಿನ. ಬದನೆಕಾಯಿ ತಿಂದರೆ ನಂಜೇರುತ್ತದೆಂದು ಮನೆಯಲ್ಲಿ ಯಾರಿಗೂ ಬದನೆಕಾಯಿ ಇಲ್ಲ. ತುರಿಸಿದರೆ ಕೆರೆಯುವ ಹಾಗಿಲ್ಲ, ಅಂಗೈಯಲ್ಲಿ ಮೆಲ್ಲಗೆ ತಟ್ಟಬೇಕು. ಹಕ್ಕಳೆ ತಾನಾಗಿ ಉದುರಿದ ದಿನ ಕೆಳಗಿನಿಂದ ಹಸಿರು ಬೊಟ್ಟು ಮಿಂಚಿತು. ಅಷ್ಟು ದಿನ ಅವಳ ಹಣೆ ಬರಿದಾಗಿತ್ತು. ಮದುವೆಯಾಗದ ಹುಡುಗಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಂಜುಂಡಯ್ಯನ ಕೈಹಿಡಿದು ವನಗೂರಿನ ಈ ಮನೆಗೆ ಬಂದ ಮೇಲೆ ಆ ಬೊಟ್ಟು ಅವಳಿಗೊಂದು ಅನುಕೂಲವಾಗಿತ್ತು. ಬೆಳಗಿನ ಗಡಿಬಿಡಿಯಲ್ಲಿ ಕುಂಕುಮ ಇಡುವುದು ಮರೆತರೂ ಹಣೆ ಖಾಲಿ ಕಾಣುತ್ತಿರಲಿಲ್ಲ. ಅಂಥದೊಂದು ಬೆಳಿಗ್ಗೆ ಅವಳು ಮಗನಿಗೆ ಹಾಲು ಕುಡಿಸುತ್ತ ಮರೆತಳು. ನಂಜುಂಡಯ್ಯ ಎಸ್ಟೇಟಿಗೆ ಮರಗಸಿಗೆ ಹೋಗಿದ್ದ. ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳು ಮರ ಹತ್ತಿ ಕೊಂಬೆ ಕಡಿಯುವ ಕೆಲಸ ಅದು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಕಾಲಿಟ್ಟಿದ್ದ ಕೊಂಬೆ ಮುರಿದು ಬಿದ್ದಿತ್ತು.

ಹೆಣ ಇನ್ನೂ ಜಗುಲಿಯ ಮೇಲಿರುವಾಗಲೇ ಅವಳ ಅತ್ತೆ ಅವಳ ಗಲ್ಲ ಹಿಡಿದು ಮುಖ ಎತ್ತಿದಳು. "ಕುಂಕುಮ ಎಲ್ಲೇ? ಹಚ್ಚೆ ಐತೆ ಅಂತ ಬುಟ್ಯಾ? ನನ್ ಮಗನ್ನ ಬರಿ ಹಣೇಲಿ ಕಳುಸ್ದ್ಯಾ?" ಎಂದು ಎಲ್ಲರೆದುರು ಕೇಳಿದಳು. ಆ ದಿನದಿಂದ ಆ ಮಾತು ಕೆಂಚಮ್ಮನ ಮೈಯೊಳಗೆ ಇಳಿದು ಕೂತಿತು. ಹಸಿರು ಬೊಟ್ಟು ಹೊತ್ತ ವಿಧವೆಯನ್ನು ಜನ ನೋಡಬಾರದೆಂದು, ಬಟ್ಟೆಗೆ ಗುರುತು ಹಾಕುವ ಕೇರುಬೀಜ ಸುಟ್ಟು ಅದರ ಎಣ್ಣೆಯನ್ನು ಹಣೆಗೆ ಒತ್ತಿದರು. ಚರ್ಮ ಬೊಬ್ಬೆಯೆದ್ದು ಸುಲಿದು ಬಂತು. ಹೊಸ ಚರ್ಮದ ಕೆಳಗೂ ಹಸಿರು ಹಾಗೇ ಇತ್ತು. ಕೊನೆಗೆ ವಿಭೂತಿಯೇ ಗತಿಯಾಯಿತು. ತಾನು ಕುಂಕುಮ ಇಟ್ಟಿದ್ದರೆ ಗಂಡ ಇಳಿದು ಬರುತ್ತಿದ್ದ ಎಂಬುದರಲ್ಲಿ ಕೆಂಚಮ್ಮನಿಗೆ ಅಂದಿನಿಂದ ಇಂದಿನವರೆಗೆ ಒಂದು ಗಳಿಗೆಯೂ ಅನುಮಾನ ಬಂದಿರಲಿಲ್ಲ.

ಪಂಕಜಾಕ್ಷಿ ಯಾಕೆ ಹೀಗೆ ಮಾಡಿಕೊಂಡಳೆಂಬುದು ಕೆಂಚಮ್ಮನಿಗೆ ಅರ್ಥವಾಗದೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಬಿಸಿಲೆ ಘಾಟಿನ ತಿರುವಿನಲ್ಲಿ, ಕೂಲಿಯವರನ್ನು ತುಂಬಿಕೊಂಡಿದ್ದ ರಾಜಶೇಖರನ ಜೀಪು ಜಾರಿ, ಹಿಂದಿನ ಚಕ್ರ ಕಂದಕದ ಮೇಲೆ ತೂಗಿತ್ತು. ಕೂಲಿಯವರೆಲ್ಲ ಮುಂದಿನಿಂದ ಹಾರಿ ಉಳಿದುಕೊಂಡರು. ಸುದ್ದಿ ಬಂದಾಗ ಪಂಕಜಾಕ್ಷಿ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು. ಮಳೆಗೆ, ಬೆವರಿಗೆ ಹಣೆಯ ಕುಂಕುಮ ಒಂದಿಷ್ಟೂ ಉಳಿದಿರಲಿಲ್ಲ. ಪಕ್ಕದ ಅಂಗಡಿಯ ಸುಲೋಚನಮ್ಮ ಅದನ್ನು ಕಂಡವಳೇ, "ಅದ್ಕೇಯ ಮತ್ತೆ" ಎಂದಿದ್ದಳು. ಎರಡೇ ಮಾತು. ಆಮೇಲೆ ಪಂಕಜಾಕ್ಷಿ ಕುಂಕುಮದ ಭರಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು.

ಸಂಜೆ ಕೆಂಚಮ್ಮ ಹರಳೆಣ್ಣೆಗೆ ಅರಿಸಿನ ಕಲಸಿ ತಂದಳು. ಆದದ್ದು ಆಗಿಹೋಗಿದೆ, ಇನ್ನು ಗಾಯ ಕೆಡದಂತೆ ನೋಡಿಕೊಳ್ಳಬೇಕಲ್ಲ.

"ಆ ಮಿಷಿನ್ನೋನು ಬರೀ ಕೊಬ್ರಿ ಎಣ್ಣೆ ಸಾಕು ಅಂದ" ಎಂದಳು ಪಂಕಜಾಕ್ಷಿ. "ಅದೂ ಒಂದ್ ತೊಟ್ಟು. ಉಗುರು ತಾಗಿಸ್ಬ್ಯಾಡ, ನೀರು ನಿಲ್ಲುಸ್ಬ್ಯಾಡ, ಹಕ್ಕಳೆ ಉದುರಾ ತಂಕ ಕುಂಕುಮ ಸೋಕುಸ್ಬ್ಯಾಡ ಅಂದ."

"ಅವ್ನಿಗೇನ್ ಗೊತ್ತು. ಅವ್ನು ಹಚ್ಚೆ ಹಾಕಿಸ್ಕಂಡವ್ನಾ?"

"ಎದೆ ಮ್ಯಾಲೆ ಹುಲಿ ಐತೆ ಅತ್ತೆ. ಮೀಸೆ ಮಾತ್ರ ಬೆಕ್ಕಿನ್ದು."

ಕೆಂಚಮ್ಮ ಅರಿಸಿನವನ್ನೇ ಹಚ್ಚಿದಳು. ಗಾಯ ತಂಪಾಯಿತು. ಮಾರನೆ ಬೆಳಿಗ್ಗೆಗೆ ಊತ ಅರ್ಧ ಇಳಿದಿತ್ತು. ತನಗೆ ಗೊತ್ತಿದ್ದ ಕೆಲಸ ಸರಿಯಾಯಿತೆಂದು ಅವಳಿಗೆ ಸಮಾಧಾನವೂ ಆಗಿತ್ತು. ಅಷ್ಟರಲ್ಲಿ ರಾಜಶೇಖರ ಜೀಪು ಹತ್ತಿದ. ಪಂಕಜಾಕ್ಷಿ ಎಂದಿನಂತೆ ಬುತ್ತಿ ಕೊಡಲು ಎದುರು ಬಂದು ನಿಂತಳು. ಮಂಜಿನೊಳಗೆ, ಜೀಪಿನ ದೀಪ ಅವಳ ಮುಖಕ್ಕೆ ಬಿತ್ತು. ಹಣೆಯಲ್ಲಿ ಕೆಂಪಿಲ್ಲ. ಒಣಗಿದ ಕಪ್ಪು ಹಕ್ಕಳೆಯೊಂದೇ.

ಕೆಂಚಮ್ಮ ಜಗುಲಿಯಿಂದ ಇಳಿದು ಜೀಪಿನ ಕಡೆ ಓಡಿದಳು. "ಎಲ್ಲಿಗ್ಲಾ ಇವತ್ತು?" ಎಂದು ಕೂಗಿ ಕೇಳಿದಳು.

"ಬಿಸಿಲೆ ಕಡೀಕೆ. ಏಲಕ್ಕಿ ಮೂಟೆ ಐತೆ."

ಜೀಪು ಹೊರಟುಹೋಯಿತು. ಆ ದಿನ ಸಂಜೆ ಅದು ತಿರುಗಿ ಬರುವ ತನಕ ಕೆಂಚಮ್ಮ ಒಂದು ಗುಟುಕು ಕಾಫಿ ಬಿಟ್ಟು ಬೇರೇನೂ ಬಾಯಿಗೆ ಹಾಕಲಿಲ್ಲ. ನಡುವೆ ಸುಲೋಚನಮ್ಮ ಬೆಂಕಿ ಕೇಳುವ ನೆಪದಲ್ಲಿ ಬಂದು ಪಂಕಜಾಕ್ಷಿಯ ಹಣೆಯನ್ನು ಓರೆಯಾಗಿ ನೋಡಿದಳು.

"ಏನ್ ಕೆಂಚಕ್ಕ, ನಿಮ್ ಸೊಸೆ ಹಣೆ ಹಿಂಗೆ ಬುಟ್ಕಂಡವ್ಳೆ? ಗಂಡ ಓಡಾಡಾ ಜಾಗ ಎಂಥದು ಅಂತ ಗೊತ್ತಿಲ್ವಾ?"

"ಗಾಯ ಕಣೆ. ಕುಂಕುಮ ಸೋಕಂಗಿಲ್ಲ."

"ಕುಂಕುಮ ಸೋಕಂಗಿಲ್ದಿದ್ರೆ ಬ್ಯಾಡ ಬುಡಿ ಮಾರಾಯ್ತಿ. ಟಿಕ್ಲಿ ಐತಲ್ಲ. ದೊಡ್ಡ ಸೈಜಿಂದು ಬಂದೈತೆ, ಮೆರೂನು. ಹಚ್ಚೇನೂ ಮುಚ್ತದೆ, ಹಣೇನೂ ತುಂಬ್ತದೆ." ಸುಲೋಚನಮ್ಮ ಅಂಗಡಿಗೆ ಹೋಗಿ ಒಂದು ಕಾರ್ಡು ಟಿಕ್ಲಿ ತಂದು ಕೊಟ್ಟಳು. ಕೆಟ್ಟ ಮನಸ್ಸಿನಿಂದ ಅಲ್ಲ. ಅವಳ ಗಂಡ ಇದ್ದ, ಗಟ್ಟಿಮುಟ್ಟಾಗಿಯೂ ಇದ್ದ. ಅದು ತನ್ನ ಹಣೆಯ ಕೆಲಸವೆಂದು ಅವಳೂ ನಂಬಿದ್ದಳು.

ಸಂಜೆ ಕೆಂಚಮ್ಮ ಕಾರ್ಡನ್ನು ಸೊಸೆಯ ಕೈಗಿಟ್ಟಳು.

"ಆ ಮಿಷಿನ್ನೋನು ಏನೂ ಅಂಟುಸ್ಬ್ಯಾಡ ಅಂದಿದ್ದ ಅತ್ತೆ."

"ಕುಂಕುಮ ಬ್ಯಾಡ ಅಂದ. ಇದು ಕುಂಕುಮ ಅಲ್ವಲ್ಲ. ನಿನ್ ಗಂಡ ಹೊರಡಾ ಹೊತ್ನಲ್ಲಿ ಇಟ್ಕ, ಜೀಪು ಹೋದ್ ಮ್ಯಾಲೆ ಕಿತ್ತಾಕು. ನನ್ ಸಲುವಾಗಿ ಮಾಡು ಪಂಕಜ."

ಹಾಗೆ ಕೇಳಿದ ಮೇಲೆ ಪಂಕಜಾಕ್ಷಿ ಇಲ್ಲ ಅನ್ನಲಿಲ್ಲ. ಮೊದಲೆರಡು ದಿನ ಬೆಳಿಗ್ಗೆ ಅಂಟಿಸಿ, ಜೀಪು ಹೋದ ಮೇಲೆ ಕಿತ್ತಳು. ಕೀಳುವಾಗ ಅಂಟಿನ ಜೊತೆ ಹಕ್ಕಳೆಯೂ ಒಂದಿಷ್ಟು ಬರುತ್ತಿತ್ತು. ಹಸಿ ಮಾಂಸ ಕಂಡು ಉರಿಯುತ್ತಿತ್ತು. ಕೀಳುವುದರಿಂದಲೇ ನೋವು ಅನ್ನಿಸಿ, ಆಮೇಲೆ ಕೀಳುವುದನ್ನೇ ಬಿಟ್ಟಳು. ಅದೇ ಟಿಕ್ಲಿಯಲ್ಲಿ ಕಾಫಿ ಹಣ್ಣು ಕುಯ್ಯಲು ಹೋದಳು, ಬೆವರಿದಳು, ಬಚ್ಚಲಿನ ಹೊಗೆಯಲ್ಲಿ ಮಿಂದಳು, ಅದನ್ನು ಇಟ್ಟುಕೊಂಡೇ ಮಲಗಿದಳು. ಅರಿಸಿನ ಹಚ್ಚಲು ಅತ್ತೆ ಕರೆದರೆ "ಮಾಯ್ತಾ ಐತೆ ಬುಡಿ" ಅನ್ನುತ್ತಿದ್ದಳು. ಕೆಂಚಮ್ಮನೂ ಬಿಟ್ಟಳು. ಸೊಸೆಯ ಹಣೆ ದುಂಡಗೆ ಕೆಂಪಗೆ ತುಂಬಿರುವುದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಗಿತ್ತು. ಆ ದಿನಗಳಲ್ಲಿ ಅವಳು ಚೆನ್ನಾಗಿ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು.

ಒಂದು ಬೆಳಿಗ್ಗೆ ಪಂಕಜಾಕ್ಷಿ ಜ್ವರ ಎಂದು ಏಳಲಿಲ್ಲ. ಕತ್ತಲಿರುವಾಗಲೇ ಹೊರಟ ಮಗನಿಗೆ ಬುತ್ತಿಯನ್ನು ಕೆಂಚಮ್ಮನೇ ಕಟ್ಟಿಕೊಟ್ಟಳು. ಜೀಪು ಹೋದ ಮೇಲೆ ಗಂಜಿ ಹಿಡಿದು ಕೋಣೆಗೆ ಬಂದು, ಕಿಟಕಿಯ ಬಾಗಿಲು ತೆಗೆದಳು. ಬೆಳಕು ಸೊಸೆಯ ಮುಖಕ್ಕೆ ಬಿತ್ತು.

ಕೆಂಚಮ್ಮನ ಕೈಯಿಂದ ಗಂಜಿಯ ಲೋಟ ಕೆಳಗೆ ಬಿತ್ತು. ಮೊದಲು ಅದು ತನ್ನ ಸೊಸೆಯ ಮುಖವೆಂದೇ ಅನ್ನಿಸಲಿಲ್ಲ. ಎಡಗಣ್ಣು ಇರಬೇಕಾದ ಕಡೆ ಬಿಗಿದು ಹೊಳೆಯುವ ಕೆಂಪು ಗಂಟು. ರೆಪ್ಪೆಗಳು ಎಲ್ಲಿ ಕೂಡುತ್ತವೆಂದು ಕೂದಲಿನಿಂದ ಮಾತ್ರ ಗೊತ್ತಾಗುತ್ತಿತ್ತು. ಮೂಗಿನ ಬುಡ ಮಾಯವಾಗಿ ಹಣೆ ಕೆನ್ನೆ ಒಂದಾಗಿತ್ತು. ಅದರ ನಡುವೆ ಆ ಮೆರೂನು ಟಿಕ್ಲಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆ ದುಂಡಗೆ, ನೀಟಾಗಿ ಕೂತಿತ್ತು.

"ಎದ್ದೇಳೆ ಪಂಕಜ. ಕಣ್ಣು ಬುಡು."

"ಬುಟ್ಟಿದೀನಿ ಅತ್ತೆ" ಎಂದಳು ಪಂಕಜಾಕ್ಷಿ.

ಕೆಂಚಮ್ಮ ಬೆರಳಿನಿಂದ ಟಿಕ್ಲಿಯ ಅಂಚು ಎತ್ತಲು ಹೋದಳು. ಅದು ಎತ್ತುವ ಮುಂಚೆಯೇ ಜಾರಿ ಬಂತು. ಕೆಳಗೆ ಹಚ್ಚೆಯೂ ಇಲ್ಲ, ಹಕ್ಕಳೆಯೂ ಇಲ್ಲ. ಹಳದಿ ಕೀವು ಒಸರಿ ಮೂಗಿನ ಮೇಲೆ ಇಳಿಯಿತು. ವಾಸನೆ ಕೋಣೆ ತುಂಬಿತು. ಕೆಂಚಮ್ಮ ಸೆರಗಿನಲ್ಲಿ ಒತ್ತಿ ಹಿಡಿದಳು. ಏನು ಹಚ್ಚಬೇಕು, ಯಾರನ್ನು ಕರೆಯಬೇಕು, ಒಂದೂ ತೋಚಲಿಲ್ಲ. ಇಷ್ಟು ವರ್ಷ ಎಲ್ಲರ ಮನೆಯ ಗಾಯಕ್ಕೆ ಅರಿಸಿನ ಅರೆದುಕೊಟ್ಟವಳು, ಸೊಸೆಯ ಗಾಯದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದಳು.

ಜೀಪು ಬಿಸಿಲೆಯಲ್ಲಿತ್ತು. ಸಕಲೇಶಪುರದ ಬಸ್ಸೇ ಗತಿ. ಸೊಸೆಯ ತಲೆಗೆ ಶಾಲು ಸುತ್ತಿ, ಕೈಹಿಡಿದು ರಸ್ತೆಗೆ ಇಳಿಸಿದಳು. ಅಂಗಡಿಯ ಮುಂದೆ ಸುಲೋಚನಮ್ಮ "ಎಲ್ಲಿಗೆ ಕೆಂಚಕ್ಕ" ಎನ್ನುತ್ತ ಬಂದವಳು, ಶಾಲಿನ ಒಳಗಿದ್ದ ಮುಖ ಕಂಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಓಡಿಹೋಗಿ ಅಂಗಡಿಯಿಂದ ಒಂದು ಸೋಡಾ ತಂದು, ಯಾರಿಗೆ ಕೊಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

ಬಸ್ಸಿನಲ್ಲಿ ಪಂಕಜಾಕ್ಷಿ ಅತ್ತೆಯ ಹೆಗಲಿಗೆ ಒರಗಿದ್ದಳು. ಜ್ವರದ ಮೈ ಸೀರೆಯ ಮೇಲಿನಿಂದಲೂ ಸುಡುತ್ತಿತ್ತು.

"ಆ ಸುಲೋಚನಮ್ಮನ ಒಂದು ಮಾತಿಗೆ ಹಣೆ ಚುಚ್ಚಿಸ್ಕಂಡ್ಯಲ್ಲೇ" ಎಂದಳು ಕೆಂಚಮ್ಮ.

"ಮಾತಿಗಲ್ಲ ಅತ್ತೆ." ಪಂಕಜಾಕ್ಷಿ ಬಾಯಿಯ ಮೇಲಿನ ಶಾಲು ಸರಿಸಿದಳು. "ನಿಮ್ಮದನ್ನ ನೋಡಿದ್ದೆ."

"ನಂದು ಏನ್ನ?"

"ಹಬ್ಬದಾಗೆ ನಿಮ್ಗೆ ಎಣ್ಣೆ ನೀರು ಹಾಕುವಾಗ. ವಿಭೂತಿ ಹೋದ್ರೆ ಕಾಣ್ತದೆ. ಅದೂ ಸುಟ್ಟ ಗುರುತಿನ ಮಧ್ಯ ಹಂಗೇ ಐತೆ. ತಾಳಿ ತಗದ್ರು, ಬಳೆ ತಗದ್ರು, ಇದೊಂದನ್ನ ಯಾರ ಕೈಲೂ ಆಗ್ಲಿಲ್ವಲ್ಲ ಅಂದ್ಕಂಡಿದ್ದೆ. ನಂಗೂ ಅಂಥದ್ದು ಬೇಕು ಅನ್ನುಸ್ತು."

ಕೆಂಚಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ನೆಂಟರ ಮನೆಯಲ್ಲಿ ಉಳಿದರೆ ಎಲ್ಲರಿಗಿಂತ ಮುಂಚೆ ಎದ್ದು ಮುಖ ತೊಳೆದು ಮುಚ್ಚಿಕೊಂಡಿದ್ದಳು. ಜ್ವರ ಬಂದಾಗಲೂ ಮೊದಲು ಕೇಳುತ್ತಿದ್ದದ್ದು ವಿಭೂತಿಗಟ್ಟಿ. ಯಾರಿಗೂ ಕಾಣಬಾರದೆಂದು ಸುಟ್ಟುಕೊಂಡದ್ದನ್ನು ಈ ಹುಡುಗಿ, ತನ್ನ ಬೆನ್ನುಜ್ಜುವ ಹುಡುಗಿ, ಆಸೆಪಟ್ಟು ನೋಡಿದ್ದಳು. ಕೆಂಚಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಶಾಲು ಬಿಚ್ಚಿದ ಕೂಡಲೆ ಕುರ್ಚಿಯಿಂದ ಎದ್ದರು. ರೆಪ್ಪೆಯನ್ನು ಎರಡು ಬೆರಳಲ್ಲಿ ಬಿಡಿಸಿ, ಟಾರ್ಚು ಬಿಟ್ಟು, "ಬೆಳಕು ಕಾಣತ್ತೇನಮ್ಮ?" ಎಂದು ಕೇಳಿದರು.

"ಏನೋ ಮಬ್ಬಾಗಿ" ಎಂದಳು ಪಂಕಜಾಕ್ಷಿ.

ಡಾಕ್ಟರಮ್ಮ ಕೆಂಚಮ್ಮನನ್ನು ಹೊರಗೆ ಕರೆದರು. "ಕೀವು ಕಣ್ಣಿನ ಹಿಂದಕ್ಕೆ ಇಳೀತಾ ಇದೆ. ಇಂಜೆಕ್ಷನ್ ಶುರು ಮಾಡ್ತೀನಿ. ನಾಳೆಯೊಳಗೆ ಊತ ಇಳೀಲಿಲ್ಲ ಅಂದ್ರೆ ಹಾಸನಕ್ಕೆ ಕಳಿಸ್ಬೇಕು. ಕಣ್ಣು ಉಳಿಯುತ್ತೆ ಅಂತ ಈಗ ನಾನು ಹೇಳೋಕಾಗಲ್ಲ. ಹಸಿ ಗಾಯದ ಮೇಲೆ ಸ್ಟಿಕ್ಕರ್ ಯಾರು ಇಟ್ಟಿದ್ದು?"

"ನಾನು" ಎಂದಳು ಕೆಂಚಮ್ಮ.

"ಯಾಕಮ್ಮ?"

ಯಾಕೆಂದು ಹೇಳಲು ಅವಳು ಬಾಯಿ ತೆರೆದಳು. ಮಗ, ಜೀಪು, ಘಾಟಿ, ಬರಿ ಹಣೆ. ಬಿಳಿ ಕೋಟಿನ ಆ ಹೆಣ್ಣುಮಗಳ ಎದುರು ಆ ಮಾತುಗಳು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಡಾಕ್ಟರಮ್ಮ ಕಾಯಲೂ ಇಲ್ಲ. ಒಳಗೆ ಹೋಗಿ ಪರದೆ ಎಳೆದರು. ಕೊಳೆತ ಚರ್ಮ ಕತ್ತರಿಸಿ ತೆಗೆಯುವಾಗ ಪಂಕಜಾಕ್ಷಿ ಕೂಗಿದ ಕೂಗು ಹೊರಗಿನ ಬೆಂಚಿಗೆ ಕೇಳಿಸಿತು.

ಕತ್ತಲಾಗುವ ಮುಂಚೆ ರಾಜಶೇಖರ ಬಂದ. ಸುಲೋಚನಮ್ಮ ಹೇಳಿಕಳಿಸಿದ್ದಳಂತೆ. ಹೆಂಡತಿಯ ಮುಖಕ್ಕೆ ಸುತ್ತಿದ್ದ ಬಟ್ಟೆ ನೋಡಿ ಮಂಚದ ಕಂಬಿ ಹಿಡಿದುಕೊಂಡ. ಆಮೇಲೆ ತಾಯಿಯ ಪಕ್ಕ ಬೆಂಚಿನಲ್ಲಿ ಕುಸಿದು ಕೂತ.

"ನಾನು ನೆಟ್ಗೆ ಬರ್ಲಿ ಅಂತ ಅವ್ಳ ಕಣ್ಣು ಕಳೀಬೇಕಿತ್ತಾ ಅವ್ವ?"

"ನಿಮ್ಮಪ್ಪ ಹೋದ ದಿನ ನನ್ ಹಣೆ ಬರಿದಾಗಿತ್ತು ಕಣೋ."

ಅವನು ತಿರುಗಿ ಅವಳನ್ನು ನೋಡಿದ. ಆ ವಿಷಯ ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಅವನು ಏನೋ ಕೇಳಲು ಹೊರಟ. ಅಷ್ಟರಲ್ಲಿ ನರ್ಸು ಔಷಧಿಯ ಚೀಟಿ ತಂದಳು, ಅವನು ಎದ್ದುಹೋದ.

ಮಾರನೆ ದಿನ ಊತ ಇಳಿಯಲಿಲ್ಲ, ಏರಲೂ ಇಲ್ಲ. ಹಾಸನಕ್ಕೆ ಕಳಿಸಬೇಕೋ ಬೇಡವೋ ಎಂದು ಡಾಕ್ಟರಮ್ಮ ಮೂರು ಸಲ ಬಂದು ನೋಡಿದರು. ಅದರ ಮರುದಿನ ರೆಪ್ಪೆಯ ನಡುವೆ ಒಂದು ಗೆರೆ ಕಂಡಿತು. ಆಮೇಲೆ ಗೆರೆ ಸೀಳಾಯಿತು. ಕೆಂಪು ಕಣ್ಣೊಂದು ಸುತ್ತ ನೋಡಿ, ಕೆಂಚಮ್ಮನ ಮೇಲೆ ನಿಂತಿತು.

"ಅತ್ತೆ, ವಿಭೂತಿ ಇಟ್ಕಂಡಿಲ್ವಲ್ಲ ನೀವು."

ಕೆಂಚಮ್ಮ ಹಣೆ ಮುಟ್ಟಿಕೊಂಡಳು. ಆಸ್ಪತ್ರೆಗೆ ಬಂದ ದಿನದಿಂದ ಅದರ ಯೋಚನೆಯೇ ಬಂದಿರಲಿಲ್ಲ. ಅಷ್ಟು ಜನರ ನಡುವೆ ಹಾಗೇ ಓಡಾಡಿದ್ದಳು. ಅವಳಿಗೆ ಅಳು ಬಂತು. ಸೊಸೆಗೆ ಕಣ್ಣು ಕಂಡದ್ದಕ್ಕೋ, ತನ್ನ ಹಣೆ ಕಂಡದ್ದಕ್ಕೋ ಅವಳಿಗೇ ತಿಳಿಯಲಿಲ್ಲ.

"ನಂದು ಪೂರ್ತಿ ಹೋಯ್ತಾ?" ಎಂದಳು ಪಂಕಜಾಕ್ಷಿ.

"ಹೋಯ್ತು ಕಣೆ. ಕುಯ್ದು ತಗದ್ರು."

"ಹೋಗ್ಲಿ. ಹುಲೀನೂ ಬೆಕ್ಕು ಮಾಡ್ದೋನು, ಬೊಟ್ಟೂ ನೆಟ್ಗೆ ಹಾಕಿರ್ಲಿಲ್ಲ" ಎಂದು ಪಂಕಜಾಕ್ಷಿ ಗೋಡೆಯ ಕಡೆ ಹೊರಳಿದಳು. ಹೆಗಲು ಅಲುಗುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೆಂಚಮ್ಮನಿಗೇ ಹೇಳಿದರು. "ದಿನಾ ಬಿಸಿ ಮಾಡಿ ಆರಿಸಿದ ನೀರಲ್ಲಿ ತೊಳೀರಿ, ಈ ಮುಲಾಮು ತೆಳ್ಳಗೆ ಹಚ್ಚಿ. ಗಾಳಿ ಆಡಲಿ. ಕುಂಕುಮ, ಅರಿಸಿನ, ಸ್ಟಿಕ್ಕರ್ ಏನೂ ಬೇಡ. ಮಾಯ್ದ ಮೇಲೂ ಒಂದಷ್ಟು ತಿಂಗಳು ಬೇಡ. ಬಿಸಿಲಿಗೆ ಹೋದ್ರೆ ಸೆರಗು ಮರೆ ಮಾಡ್ಕೊಳ್ಳಲಿ, ಹೊಸ ಚರ್ಮ ಸುಟ್ಟುಹೋಗತ್ತೆ."

ಮನೆಗೆ ಬಂದ ಮೊದಲ ಬೆಳಿಗ್ಗೆ ರಾಜಶೇಖರ ಜೀಪು ತೆಗೆದ. ಕಾಫಿ ಹಣ್ಣಿನ ಕಾಲ, ಎಷ್ಟು ದಿನ ಕೂಲಿಯವರನ್ನು ನಿಲ್ಲಿಸಲಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಸುಲೋಚನಮ್ಮ ತಟ್ಟೆಯಲ್ಲಿ ಅರಿಸಿನ ಕುಂಕುಮ ಇಟ್ಟುಕೊಂಡು ಬಂದಳು. ಪಶ್ಚಾತ್ತಾಪ ಪಟ್ಟಿದ್ದಳು. ಕಣ್ಣು ತುಂಬಿಕೊಂಡೇ ಬಂದಿದ್ದಳು.

"ಗಾಯದ ಮ್ಯಾಲೆ ಬ್ಯಾಡ ಕೆಂಚಕ್ಕ, ಗಾಯದಿಂದ ಮ್ಯಾಕೆ, ಬೈತಲೆ ತಾವ ಒಂದ್ ಚೂರು. ಅವ್ನು ಬಿಸಿಲೆಗೆ ಹೊಂಟವ್ನಲ್ಲ."

ಪಂಕಜಾಕ್ಷಿ ಅತ್ತೆಯ ಮುಖ ನೋಡಿದಳು. ಹೂಂ ಅಂದರೆ ಬಗ್ಗುತ್ತಿದ್ದಳು. ಅದು ಕೆಂಚಮ್ಮನಿಗೆ ಗೊತ್ತಾಯಿತು. ಗಾಯದ ಅಂಚು ಇನ್ನೂ ಹಸಿಯಾಗಿತ್ತು. ಬೈತಲೆಯಿಂದ ಪುಡಿ ಉದುರಿದರೆ ಎಲ್ಲಿಗೆ ಬೀಳುತ್ತದೆಂದು ಅವಳಿಗೆ ಕಾಣುತ್ತಿತ್ತು. ಮಗ ಜೀಪಿನ ಒಳಗೆ ಕೂತಿದ್ದದ್ದೂ ಕಾಣುತ್ತಿತ್ತು.

"ಬ್ಯಾಡ ಸುಲೋಚನ" ಎಂದಳು. "ಒಳೀಕೆ ಬಾ, ಕಾಫಿ ಕುಡಿ. ಅವ್ಳ ಹಣೆ ಯಾರೂ ಮುಟ್ಟಂಗಿಲ್ಲ."

"ನಾಳೆ ಏನಾರ ಆದ್ರೆ ನನ್ನ ಅನ್ಬ್ಯಾಡಿ ಮತ್ತೆ."

"ಆದ್ರೆ ನನ್ನ ಅಂತಾರೆ. ನಂಗೇನು ಹೊಸ್ದಲ್ಲ."

ಜೀಪು ಮಂಜಿನೊಳಗೆ ಹೋಯಿತು. ಅಂದು ಕೆಂಚಮ್ಮ ಕಣಕ್ಕೆ ಇಳಿಯಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತವಳು, ರಸ್ತೆಯಲ್ಲಿ ಯಾವ ಸದ್ದು ಬಂದರೂ ಎದ್ದಳು. ಯಾರಾದರೂ ಬೇಗ ಬೇಗ ನಡೆದು ಬಂದರೆ ಮುಖ ನೋಡಲು ಹೆದರಿ ಕಣ್ಣು ಮುಚ್ಚಿಕೊಂಡಳು. ಪಂಕಜಾಕ್ಷಿಯೇ ಒಂದು ಕಣ್ಣು ಸಣ್ಣ ಮಾಡಿಕೊಂಡು ಅನ್ನ ಬೇಯಿಸಿದಳು. ಸಂಜೆ ಜೀಪು ಬಂತು. ರಾಜಶೇಖರ ಇಳಿದು, ಬುತ್ತಿಯ ಡಬ್ಬ ತೊಳೆಯಲು ಹಾಕಿ, "ಸಾರಿಗೆ ಉಪ್ಪೇ ಇರ್ಲಿಲ್ಲ" ಎಂದ. ಮಾರನೆ ದಿನವೂ ಹೋದ, ಬಂದ. ಆ ವಾರವೆಲ್ಲ ಹೋದ, ಬಂದ. ಒಂದು ದಿನ ಟಯರು ಪಂಕ್ಚರ್ ಆಗಿತ್ತು, ಅಷ್ಟೆ. ಹೆಂಡತಿಯ ಹಣೆ ದಿನವೂ ಬರಿದಾಗಿತ್ತು.

ಏನೂ ಆಗುತ್ತಿಲ್ಲ ಎಂಬುದೇ ಕೆಂಚಮ್ಮನನ್ನು ಕಂಗೆಡಿಸಿತು. ಮೊದಮೊದಲು ಸಮಾಧಾನವಾಗುತ್ತಿತ್ತು. ಬರಬರುತ್ತ ಅದು ಬೇರೆಯೇ ಆಯಿತು. ಹಾಗಾದರೆ ತನಗೆ ಮಾತ್ರ ಯಾಕೆ ಆಯಿತು? ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ, ತಾನು ಕೇಳುತ್ತೇನೆಂದು ತನಗೇ ಗೊತ್ತಿಲ್ಲದ ಹಾಗೆ ಕೇಳಿಬಿಟ್ಟಳು.

"ನಿಮ್ಮಪ್ಪ ಬಿದ್ದ ಮರ ಎಂಥದಾಗಿತ್ಲಾ? ನಿಂಗೆ ಯಾರಾರ ಹೇಳವ್ರಾ?"

ರಾಜಶೇಖರ ತುತ್ತು ನುಂಗಿ ಹೇಳಿದ. "ಹಲಸಿನ ಮರ. ಒಳಗೆಲ್ಲ ಟೊಳ್ಳಾಗಿತ್ತಂತೆ. ಹಿಂದಿನ ವರ್ಷವೇ ಕಡೀಬೇಕಿತ್ತು ಅಂತ ಎಸ್ಟೇಟ್ನಲ್ಲಿ ಲೆಕ್ಕ ಬರಿಯಾ ಹಳೆ ರೈಟ್ರು ಅಂತಿದ್ರು. ಯಾರು ಹತ್ತಿದ್ರೂ ಬೀಳ್ತಿದ್ರಂತೆ. ಎಲ್ಲಾರ್ಗೂ ಗೊತ್ತಿತ್ತಲ್ಲವ್ವ."

"ಎಲ್ಲಾರ್ಗೂ?"

"ಹೂಂ. ಅಜ್ಜೀಗೂ ಗೊತ್ತಿತ್ತು. ಆಮ್ಯಾಕೆ ಎಸ್ಟೇಟ್ನೋರು ಆ ಮರ ಕಡ್ಸಿ, ಸೀಳಿ, ನಮ್ಮನೆ ಒಲೇಗೇ ಕೊಟ್ರಂತಲ್ಲ."

ಕೆಂಚಮ್ಮ ಕಲಸಿದ ಅನ್ನದ ಮೇಲೆ ಕೈಯಿಟ್ಟುಕೊಂಡೇ ಕೂತಳು. ಆ ಸೌದೆ ಅವಳಿಗೆ ನೆನಪಿತ್ತು. ನಡುವೆ ತೂತಾಗಿ ಕೊಳವೆಯಂತಿದ್ದ ಸೀಳುಗಳು. ಬೇಗ ಉರಿದು ಹೋಗುತ್ತಿದ್ದವು, ಕೆಂಡ ನಿಲ್ಲುತ್ತಿರಲಿಲ್ಲ. ತನ್ನ ಕೈಯಲ್ಲೇ ಒಲೆಗೆ ಒಟ್ಟಿದ್ದಳು. ಅತ್ತೆ ಎದುರಿಗೇ ಕೂತು ಮೈ ಕಾಯಿಸಿಕೊಳ್ಳುತ್ತಿದ್ದಳು.

"ನಂಗ್ಯಾರೂ ಹೇಳ್ಲಿಲ್ಲ" ಎಂದಳು.

"ನೀನು ಯಾವತ್ತೂ ಕೇಳ್ಲಿಲ್ಲವಲ್ಲವ್ವ."

ಪಂಕಜಾಕ್ಷಿ ಗಂಡನ ತೊಡೆ ಚಿವುಟಿ ಸುಮ್ಮನಾಗಿಸಿದಳು. ಎದ್ದು ಬಂದು ಅತ್ತೆಯ ತಟ್ಟೆಗೆ ಮಜ್ಜಿಗೆ ಬಡಿಸಿ, ಪಕ್ಕದಲ್ಲೇ ಕೂತಳು. ಕೆಂಚಮ್ಮನ ಬೆರಳುಗಳ ಮೇಲೆ ಅನ್ನ ಒಣಗುತ್ತಿತ್ತು.